ಚಕ್ರವನ್ನು ಹಿಡಿದಿರುವ ನಟ್ಟು

1987ರ ಆಗಸ್ಟ್ 9ರಂದು ಹಂಗೆರಿ ದೇಶದಲ್ಲಿ ನಡೆದ ಗ್ರಾನ್ ಪ್ರೀ ಕಾರು ಓಟದಲ್ಲಿ ಬ್ರಿಟಿಷ್ ಚಾಲಕ ನೈಜೆಲ್ ಮ್ಯಾನ್ಸೆಲ್ ಅವರು ಮೊದಲಿನಿಂದಲೂ ಎಲ್ಲರಿಗಿಂತ ಮುಂದಿದ್ದರು. ಓಟದ ಒಟ್ಟು ಸುತ್ತುಗಳು 76. ಇನ್ನು ಆರೇ ಸುತ್ತುಗಳು ಉಳಿದಿದ್ದಾಗ ಅವರ ಕಾರಿನ ಬಲಗಡೆಯ ಹಿಂಚಕ್ರದ ನಟ್ಟು ಕಳಚಿಹೋಯಿತು. ಕಾರು ಅಲ್ಲಿಗೇ ನಿಂತಿತು. ಗೆಲುವು ಅದೇ ತಂಡದ ಇನ್ನೊಬ್ಬ ಚಾಲಕ ನೆಲ್ಸನ್ ಪಿಕೆ ಅವರ ಪಾಲಾಯಿತು. ಇದಕ್ಕೆ ತೀರ ವಿರುದ್ಧವಾದ ಘಟನೆಯೊಂದು 2021ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ನಡೆಯಿತು. ಎರಡನೆಯ ಸ್ಥಾನದಲ್ಲಿದ್ದ ವಾಲ್ಟೆರಿ ಬೊಟ್ಟಾಸ್ ಅವರು ಟೈರು ಬದಲಾಯಿಸಿಕೊಳ್ಳಲು ಬಂದಾಗ, ಯಂತ್ರದ ಸ್ಪ್ಯಾನರು ನಟ್ಟಿನ ಹಲ್ಲುಗಳನ್ನು ಸರಿಯಾಗಿ ಕಚ್ಚದೆ ಅವುಗಳನ್ನು ತುರಿದುಹಾಕಿತು. ಚಕ್ರ ಕಾರಿನಿಂದ ಹೊರಗೆ ಬರಲೇ ಇಲ್ಲ. ಓಟ ಮುಗಿದು ಕಾರನ್ನು ಇಂಗ್ಲೆಂಡಿನ ಕಾರ್ಖಾನೆಗೆ ಸಾಗಿಸಿದ ಮೇಲೆಯೇ ಅದನ್ನು ಬಿಡಿಸಬೇಕಾಯಿತು.

ಒಂದು ಕಡೆ ನಟ್ಟು ತಾನಾಗಿ ಬಿಚ್ಚಿಕೊಂಡಿತು, ಇನ್ನೊಂದು ಕಡೆ ಬಿಚ್ಚಬೇಕೆಂದರೂ ಬಿಚ್ಚಲಿಲ್ಲ. ಆ ಓಟದ ಕಾರುಗಳಲ್ಲಿ ಪ್ರತಿ ಚಕ್ರಕ್ಕೂ ನಡುವೆ ಇರುವುದು ಒಂದೇ ದೊಡ್ಡ ನಟ್ಟು. ನಮ್ಮ ಎತ್ತಿನ ಬಂಡಿಯ ಕಡೆಗೀಲಿನ ಹಾಗೆ, ಅದು ಹೋದರೆ ಚಕ್ರವೂ ಹೋಯಿತು. ಬೀದಿಯಲ್ಲಿ ಓಡುವ ಕಾರುಗಳಿಗೆ ಸಾಮಾನ್ಯವಾಗಿ ನಾಲ್ಕೋ ಐದೋ ನಟ್ಟುಗಳಿರುತ್ತವೆ. ಆದರೆ ಕಡೆಗೀಲಿಗೂ ಈ ನಟ್ಟಿಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಕಡೆಗೀಲು ಚಕ್ರವನ್ನು ಅಚ್ಚಿನಿಂದ ಜಾರಿಹೋಗದಂತೆ ತಡೆಯುತ್ತದೆ, ಅಷ್ಟೆ. ಚಕ್ರವು ಅದರ ಒಳಗೆ ಸಡಿಲವಾಗಿಯೇ ತಿರುಗುತ್ತಿರುತ್ತದೆ. ಕಾರಿನ ನಟ್ಟು ಮಾಡುವ ಕೆಲಸ ಬೇರೆ. ಆ ಕೆಲಸವೇನೆಂಬುದನ್ನು ತಿಳಿಯದೆ ಹೊಸ ಚಕ್ರ ಹಾಕಿಸುವವರು ಈಗ ಬಹಳ ಮಂದಿ. ಕಾರು ಕೊಂಡ ಮೊದಲ ತಿಂಗಳಲ್ಲಿಯೇ ಕಂಪನಿಯ ಚಕ್ರಗಳನ್ನು ತೆಗೆದು, ಅಗಲವಾದ ಹೊಳೆಯುವ ಅಲಾಯ್ ಚಕ್ರಗಳನ್ನು ಹಾಕಿಸುವ ತರುಣರನ್ನು ನಾವು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಚಕ್ರಕ್ಕೆ ಅವರು ಸಾವಿರಾರು ರೂಪಾಯಿ ಸುರಿಯುತ್ತಾರೆ. ನಟ್ಟಿನ ವಿಚಾರದಲ್ಲಿ ಅಂಗಡಿಯವನು ಕೊಟ್ಟದ್ದೇ ಪ್ರಸಾದ.

ಚಕ್ರವನ್ನು ಕಾರು ಹೇಗೆ ಹಿಡಿದುಕೊಂಡಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಗೋಡೆಯ ಗೂಟಕ್ಕೆ ಅಂಗಿ ತೂಗುಹಾಕಿದಂತೆ ಚಕ್ರವು ಐದು ಸ್ಟಡ್ಡುಗಳ ಮೇಲೆ ತೂಗಿಕೊಂಡಿದೆ, ನಟ್ಟುಗಳು ಅದು ಕೆಳಗೆ ಬೀಳದಂತೆ ನೋಡಿಕೊಳ್ಳುತ್ತವೆ ಎಂಬ ಉತ್ತರ ಬರುವುದು. ಇದು ಸರಿಯಲ್ಲ. ಚಕ್ರದ ಒಳಮುಖವೂ ಅಚ್ಚಿನ ತುದಿಯಲ್ಲಿರುವ ಹಬ್ ಎಂಬ ಉಕ್ಕಿನ ತಟ್ಟೆಯ ಮುಖವೂ ಒಂದಕ್ಕೊಂದು ಅದುಮಿಕೊಂಡಿವೆ. ಈ ಎರಡು ಮುಖಗಳ ನಡುವಿನ ಘರ್ಷಣೆಯೇ ಚಕ್ರವನ್ನು ಹಿಡಿದಿರುವುದು. ಕಾರಿನ ಭಾರವನ್ನೂ, ಎಂಜಿನ್ನಿನ ಎಳೆತವನ್ನೂ, ಬ್ರೇಕಿನ ತಡೆಯನ್ನೂ ಹೊರುವುದು ಆ ಘರ್ಷಣೆ. ಸ್ಟಡ್ಡಿನ ಕೆಲಸವೆಂದರೆ ಎರಡು ಮುಖಗಳನ್ನು ಬಲವಾಗಿ ಸೆಳೆದು ಒತ್ತಿ ಹಿಡಿಯುವುದು. ಅಡ್ಡಲಾಗಿ ಬರುವ ಹೊಡೆತವನ್ನು ಅದು ತಿನ್ನಲೇಬಾರದು. ತಿನ್ನತೊಡಗಿದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಹಾಗಾದರೆ ಎಷ್ಟು ಬಲದಿಂದ ಒತ್ತಬೇಕು? ಇದನ್ನು ಒಂದು ನಿಜವಾದ ಕಾರಿನ ಮೇಲೆಯೇ ಲೆಕ್ಕ ಮಾಡಿ ನೋಡೋಣ. ಜಪಾನಿನ ಹೋಂಡಾ ಕಂಪನಿಯು 1999ರಿಂದ 2009ರವರೆಗೆ ಎಸ್ 2000 ಎಂಬ ಎರಡೇ ಆಸನಗಳ ವೇಗದ ಕಾರನ್ನು ತಯಾರಿಸಿತು. ಚಕ್ರ ಬದಲಾಯಿಸುವ ಹವ್ಯಾಸವಿರುವವರಿಗೆ ಅದು ಇಂದಿಗೂ ಅಚ್ಚುಮೆಚ್ಚು. ಅದರ ಪ್ರತಿ ಚಕ್ರಕ್ಕೂ ಐದು ನಟ್ಟುಗಳು. ಸ್ಟಡ್ಡಿನ ವ್ಯಾಸ 12 ಮಿಲಿಮೀಟರು. ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.5 ಮಿಲಿಮೀಟರು. ಐದೂ ಸ್ಟಡ್ಡುಗಳು ನಿಂತಿರುವ ವೃತ್ತದ ವ್ಯಾಸ 114.3 ಮಿಲಿಮೀಟರು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂದು ಸೋಜಿಗಪಡುವವರು ಅದನ್ನು 25.4ರಿಂದ ಭಾಗಿಸಿದರೆ ಸಾಕು. ನಾಲ್ಕೂವರೆ ಅಂಗುಲ!

ಇಬ್ಬರು ಕುಳಿತಾಗ ಈ ಕಾರು ಸುಮಾರು 1,400 ಕಿಲೋಗ್ರಾಮು ತೂಗುವುದೆನ್ನೋಣ. ಜೋರಾಗಿ ಬ್ರೇಕು ಹಾಕಿದಾಗ ಕಾರಿನ ಮೂತಿ ತಗ್ಗುವುದನ್ನು ಎಲ್ಲರೂ ನೋಡಿದ್ದಾರೆ. ಆಗ ಭಾರದ ಮೂರರಲ್ಲಿ ಎರಡು ಪಾಲು ಮುಂಚಕ್ರಗಳ ಮೇಲೆ ಬೀಳುತ್ತದೆ. ಅಂದರೆ ಒಂದೊಂದು ಮುಂಚಕ್ರಕ್ಕೂ ಸುಮಾರು 4,600 ನ್ಯೂಟನ್. ಒಳ್ಳೆಯ ಟೈರು ಒಣರಸ್ತೆಯಲ್ಲಿ ತನ್ನ ಮೇಲಿನ ಭಾರದಷ್ಟೇ ಬಲವಾಗಿ ನೆಲವನ್ನು ಹಿಡಿಯಬಲ್ಲದು. ಆದುದರಿಂದ ಬ್ರೇಕಿನ ಬಲವೂ 4,600 ನ್ಯೂಟನ್ ಆಯಿತು. ಈ ಬಲವು ಚಕ್ರದ ನಡುವಿನಿಂದ ಸುಮಾರು 0.3 ಮೀಟರು ದೂರದಲ್ಲಿ, ಟೈರು ನೆಲವನ್ನು ಮುಟ್ಟುವಲ್ಲಿ, ಕೆಲಸ ಮಾಡುತ್ತದೆ. ಬಲವನ್ನು ತೋಳಿನ ಉದ್ದದಿಂದ ಗುಣಿಸಿದರೆ ಬರುವುದೇ ಟಾರ್ಕು ಎಂಬುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿ ಅದು ಸುಮಾರು 1,380 ನ್ಯೂಟನ್-ಮೀಟರು. ಸ್ಟಡ್ಡುಗಳ ವೃತ್ತದ ತ್ರಿಜ್ಯವಾದರೋ ಕೇವಲ 57 ಮಿಲಿಮೀಟರು. ತೋಳು ಗಿಡ್ಡವಾದಷ್ಟೂ ಬಲ ಹೆಚ್ಚಬೇಕಲ್ಲವೆ? 1,380ನ್ನು 0.057ರಿಂದ ಭಾಗಿಸಿದರೆ 24,000 ನ್ಯೂಟನ್ ಬರುತ್ತದೆ. ಹಬ್ಬಿನ ಮುಖಕ್ಕೂ ಚಕ್ರದ ಮುಖಕ್ಕೂ ನಡುವೆ ಇರುವ ಘರ್ಷಣೆಯು ಜಾರದೆ ತಡೆದುಕೊಳ್ಳಬೇಕಾದ ಬಲವಿದು. ಸುಮಾರು ಎರಡೂವರೆ ಟನ್ನು ತೂಕಕ್ಕೆ ಸಮ!

ಇಷ್ಟು ಘರ್ಷಣೆಯನ್ನು ನಟ್ಟುಗಳು ಹೇಗೆ ಒದಗಿಸುತ್ತವೆ? ಥ್ರೆಡ್ಡೆಂದರೆ ಒಂದು ಕಂಬಕ್ಕೆ ಸುತ್ತಿದ ಇಳಿಜಾರು ದಾರಿಯಷ್ಟೆ. ನಟ್ಟನ್ನು ತಿರುಗಿಸಿದಾಗ ಅದು ಆ ಇಳಿಜಾರನ್ನು ಹತ್ತುತ್ತದೆ. ಚಕ್ರ ಎದುರಿಗೆ ಅಡ್ಡ ನಿಂತಿರುವುದರಿಂದ ಅದು ಮುಂದೆ ಹೋಗಲಾರದು. ಹೋಗಲಾರದೆ ಸ್ಟಡ್ಡನ್ನೇ ತನ್ನ ಕಡೆಗೆ ಎಳೆಯುತ್ತದೆ. ಉಕ್ಕು ಗಟ್ಟಿಯೆಂದು ನಾವು ಎಷ್ಟೇ ಹೇಳಿದರೂ ಅದೂ ಒಂದು ಸ್ಪ್ರಿಂಗು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ರಾಬರ್ಟ್ ಹುಕ್ 17ನೆಯ ಶತಮಾನದಲ್ಲಿಯೇ ಹೇಳಿದ ನಿಯಮ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ನಟ್ಟನ್ನು ಬಿಗಿಮಾಡುವುದೆಂದರೆ ಸ್ಟಡ್ಡೆಂಬ ಸ್ಪ್ರಿಂಗನ್ನು ಹಿಗ್ಗಿಸಿ ಹಾಗೆಯೇ ಹಿಗ್ಗಿದಂತೆ ಹಿಡಿದಿಡುವುದು.

ಎಸ್ 2000 ಕಾರಿಗೆ ಕಂಪನಿಯು ಹೇಳಿರುವ ಟಾರ್ಕು 108 ನ್ಯೂಟನ್-ಮೀಟರು. ನಲವತ್ತು ಸೆಂಟಿಮೀಟರು ಉದ್ದದ ಸ್ಪ್ಯಾನರನ್ನು ಅಡ್ಡಲಾಗಿ ಹಿಡಿದು ಅದರ ತುದಿಗೆ ಇಪ್ಪತ್ತೇಳೂವರೆ ಕಿಲೋಗ್ರಾಮು ತೂಕ ನೇತುಹಾಕಿದರೆ ಅಷ್ಟು ಟಾರ್ಕು ಸಿಗುತ್ತದೆ. ಈ 108ರಲ್ಲಿ ಸ್ಟಡ್ಡನ್ನು ಹಿಗ್ಗಿಸಲು ಎಷ್ಟು ಉಪಯೋಗವಾಗುತ್ತದೆಂಬುದೇ ಈ ವಿಷಯದ ಅತ್ಯಂತ ಸ್ವಾರಸ್ಯವಾದ ಭಾಗ. ಒಣಗಿದ ಶುಚಿಯಾದ ಥ್ರೆಡ್ಡಿಗೆ ಘರ್ಷಣಾಂಕ 0.12 ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಸುಮಾರು 71 ನ್ಯೂಟನ್-ಮೀಟರು ನಟ್ಟಿನ ಮೂತಿಗೂ ಚಕ್ರದ ರಂಧ್ರಕ್ಕೂ ನಡುವಿನ ಘರ್ಷಣೆಯನ್ನು ಗೆಲ್ಲುವುದರಲ್ಲಿಯೇ ಹೋಗುತ್ತದೆ. ಇನ್ನೊಂದು 28 ಥ್ರೆಡ್ಡಿನ ಘರ್ಷಣೆಯಲ್ಲಿ ಹೋಗುತ್ತದೆ. ಕೊನೆಗೆ ಉಳಿಯುವುದು 9. ನಾವು ಪಡುವ ಶ್ರಮದಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ ನಿಜವಾದ ಕೆಲಸಕ್ಕೆ! ಅಷ್ಟರಿಂದಲೇ ಸ್ಟಡ್ಡಿನಲ್ಲಿ ಸುಮಾರು 37,000 ನ್ಯೂಟನ್, ಅಂದರೆ ಮುಕ್ಕಾಲು ಕಡಮೆ ನಾಲ್ಕು ಟನ್ನು ಅಲ್ಲದಿದ್ದರೂ ಮೂರೂಮುಕ್ಕಾಲು ಟನ್ನಿನ ಸೆಳೆತ ಹುಟ್ಟುತ್ತದೆ. ಐದು ಸ್ಟಡ್ಡುಗಳಿಂದ 1,85,000 ನ್ಯೂಟನ್. ಲೋಹದ ಮುಖಗಳ ನಡುವಿನ ಘರ್ಷಣಾಂಕವನ್ನು 0.2 ಎಂದು ತೆಗೆದುಕೊಂಡರೆ ಚಕ್ರವು ಜಾರದೆ 37,000 ನ್ಯೂಟನ್ ವರೆಗೆ ತಡೆಯಬಲ್ಲದು. ಬೇಕಾದದ್ದು 24,000. ಒಂದೂವರೆ ಪಟ್ಟು ಕೈಯಲ್ಲಿದೆ, ನೆಮ್ಮದಿ. ಆದರೆ ಸೆಳೆತ ಯಾವುದಾದರೂ ಕಾರಣದಿಂದ ಅರ್ಧಕ್ಕೆ ಇಳಿಯಿತೆನ್ನಿ, ತಡೆಯುವ ಶಕ್ತಿ 18,500ಕ್ಕೆ ಬಂತು. ಆಗ ಜೋರಾಗಿ ಬ್ರೇಕು ಹಾಕಿದ ಕ್ಷಣದಲ್ಲಿ ಚಕ್ರವು ಹಬ್ಬಿನ ಮೇಲೆ ಕಿಂಚಿತ್ತಾದರೂ ಜರುಗುತ್ತದೆ.

ಕಿಂಚಿತ್ತು ಜರುಗಿದರೇನು ಎಂದು ಕೇಳಬಹುದು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರು ಈ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಿ ತೋರಿಸಿದನು. ನಟ್ಟು ತಾನಾಗಿ ಸಡಿಲವಾಗುವುದು ಸ್ಟಡ್ಡಿನ ಉದ್ದಕ್ಕೆ ಬರುವ ಅದುರಾಟದಿಂದಲ್ಲ, ಅಡ್ಡಲಾಗಿ ಬರುವ ಜರುಗಾಟದಿಂದ ಎಂಬುದು ಅವನ ಮುಖ್ಯ ನಿರ್ಣಯ. ಮೇಜಿನ ಮೇಲೆ ಓರೆಯಾಗಿಟ್ಟ ಹಲಗೆಯ ಮೇಲೆ ಒಂದು ಡಬ್ಬಿಯಿಡಿ. ಘರ್ಷಣೆಯ ದೆಸೆಯಿಂದ ಅದು ಜಾರುವುದಿಲ್ಲ. ಈಗ ಹಲಗೆಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ. ಡಬ್ಬಿಯು ಎಡಬಲ ಜರುಗುತ್ತಲೇ, ನೀವು ಕೆಳಕ್ಕೆ ತಳ್ಳದಿದ್ದರೂ, ಇಳಿಜಾರಿನಲ್ಲಿ ಕೆಳಗಿಳಿದುಬಿಡುತ್ತದೆ. ಒಂದು ದಿಕ್ಕಿನಲ್ಲಿ ಜಾರಲಾರಂಭಿಸಿದ ವಸ್ತುವನ್ನು ಇನ್ನೊಂದು ದಿಕ್ಕಿನಲ್ಲಿ ತಡೆದು ನಿಲ್ಲಿಸುವ ಶಕ್ತಿ ಘರ್ಷಣೆಗೆ ಉಳಿಯುವುದಿಲ್ಲ. ಥ್ರೆಡ್ಡೂ ಇಳಿಜಾರೇ. ನಟ್ಟು ಅದರ ಮೇಲೆ ಹಿಂದಕ್ಕೆ ಇಳಿಯುತ್ತದೆ. ಇಳಿದಷ್ಟೂ ಸೆಳೆತ ಕಡಮೆ, ಸೆಳೆತ ಕಡಮೆಯಾದಷ್ಟೂ ಜರುಗಾಟ ಹೆಚ್ಚು. ಇದರ ಜೊತೆಗೆ ಸ್ಟಡ್ಡು ಪ್ರತಿ ಸುತ್ತಿಗೂ ಒಮ್ಮೆ ಅತ್ತಿತ್ತ ಬಾಗತೊಡಗುತ್ತದೆ. ಈ ಕಾರಿನ ಟೈರಿನ ಸುತ್ತಳತೆ ಸುಮಾರು ಎರಡು ಮೀಟರು. ನೂರು ಕಿಲೋಮೀಟರು ಹೋಗುವಷ್ಟರಲ್ಲಿ ಚಕ್ರ ಐವತ್ತು ಸಾವಿರ ಸಲ ತಿರುಗುತ್ತದೆ. ತಂತಿಯನ್ನು ಹತ್ತಾರು ಸಲ ಬಾಗಿಸಿ ಮುರಿಯುವ ಆಟ ಆಡಿದವರಿಗೆ ಐವತ್ತು ಸಾವಿರವೆಂದರೇನೆಂದು ಹೇಳಬೇಕಾಗಿಲ್ಲ. ಮುರಿದ ಸ್ಟಡ್ಡನ್ನು ಕಂಡು, ಹೆಚ್ಚಾಗಿ ಬಿಗಿಮಾಡಿದ್ದರಿಂದ ಮುರಿಯಿತು ಎನ್ನುವವರುಂಟು. ಎಷ್ಟೋ ಸಲ ನಿಜವಾದ ಕಾರಣ ಅದಕ್ಕೆ ವಿರುದ್ಧವಾದದ್ದು, ಬಿಗಿ ಸಾಲದಿದ್ದುದು.

ಇನ್ನು ಸೆಳೆತ ಅರ್ಧಕ್ಕೆ ಇಳಿಯುವುದು ಹೇಗೆಂಬುದನ್ನು ನೋಡಬೇಕು. ಸ್ಟಡ್ಡಿನಲ್ಲಿ ಹಿಗ್ಗುವ ಭಾಗದ ಉದ್ದ ನಾಲ್ಕು ಸೆಂಟಿಮೀಟರೆಂದು ಇಟ್ಟುಕೊಳ್ಳೋಣ. ಮೂರೂಮುಕ್ಕಾಲು ಟನ್ನಿನ ಸೆಳೆತಕ್ಕೆ ಅದು ಹಿಗ್ಗುವುದು 0.08 ಮಿಲಿಮೀಟರು, ಈ ಪತ್ರಿಕೆಯ ಹಾಳೆಯ ದಪ್ಪದಷ್ಟು. ಚಕ್ರ ಕಳಚುವುದಕ್ಕೂ ಕಳಚದಿರುವುದಕ್ಕೂ ನಡುವೆ ಇರುವುದು ಒಂದು ಹಾಳೆಯ ದಪ್ಪ. ನಟ್ಟು ಕೂರುವ ಜಾಗದಲ್ಲಿಯೋ ಹಬ್ಬಿನ ಮುಖದಲ್ಲಿಯೋ ಏನಾದರೂ 0.04 ಮಿಲಿಮೀಟರಿನಷ್ಟು ಕುಸಿದರೆ ಹೆಚ್ಚುಕಡಮೆ ಅರ್ಧ ಸೆಳೆತ ಮಾಯವಾಗುತ್ತದೆ. ಇತ್ತೀಚೆಗೆ ಚಕ್ರಗಳಿಗೆ ಹಚ್ಚುವ ಪುಡಿಬಣ್ಣದ ಲೇಪವೇ ಅದಕ್ಕಿಂತ ದಪ್ಪ. ಹಬ್ಬಿನ ಮೇಲೆ ಹಬ್ಬಿದ ತುಕ್ಕಿನ ಪೊರೆಯೂ ಅಷ್ಟೇ. ಕಾರು ಓಡಿದ ಹಾಗೆಲ್ಲ ಬಣ್ಣ ನಲುಗಿ, ತುಕ್ಕು ಪುಡಿಯಾಗಿ, ಎರಡು ಮುಖಗಳು ಹತ್ತಿರವಾಗುತ್ತವೆ, ಸ್ಪ್ರಿಂಗು ಕುಗ್ಗಿಬಿಡುತ್ತದೆ. ನಟ್ಟು ಒಂದು ಕೂದಲೆಳೆಯಷ್ಟೂ ತಿರುಗಿರುವುದಿಲ್ಲ, ಆದರೂ ಬಿಗಿ ಹೋಗಿರುತ್ತದೆ. ಹೊಸ ಚಕ್ರ ಹಾಕಿಸಿದ ಮೇಲೆ ಎಂಬತ್ತು ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಟಾರ್ಕು ಪರೀಕ್ಷಿಸಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿಯೇ. ಅದು ಬರಿಯ ಶಾಸ್ತ್ರಕ್ಕೆ ಹೇಳಿದ ಮಾತಲ್ಲ. ಚಕ್ರ ಹಾಕುವ ಮೊದಲು ತಂತಿಯ ಬ್ರಶ್ಶಿನಿಂದ ಹಬ್ಬಿನ ಮುಖವನ್ನು ಉಜ್ಜಿ ಲೋಹ ಕಾಣುವಂತೆ ಮಾಡುವುದು ಅದಕ್ಕಿಂತಲೂ ಮೇಲು.

ಬದಲಿ ಚಕ್ರಗಳಲ್ಲಿ ಅತಿ ಸಾಮಾನ್ಯವಾಗಿ ಆಗುವ ಪ್ರಮಾದವೂ ಈ ಕುಸಿತಕ್ಕೆ ಸೇರಿದ್ದು. ನಟ್ಟಿನ ಮೂತಿ ಚಕ್ರದ ರಂಧ್ರದಲ್ಲಿ ಕೂರುವ ಜಾಗವನ್ನು ಪೀಠವೆನ್ನೋಣ. ಹೋಂಡಾ ಕಂಪನಿಯ ಚಕ್ರಗಳಲ್ಲಿ ಈ ಪೀಠ ಗೋಳಾಕಾರದ್ದು, ಒಂದು ಸಣ್ಣ ಬಟ್ಟಲಿನ ಹಾಗೆ. ನಟ್ಟಿನ ಮೂತಿಯೂ ಚೆಂಡಿನಂತೆ ಉರುಟು, ಅದರ ತ್ರಿಜ್ಯ 12 ಮಿಲಿಮೀಟರು. ಹೊರಗೆ ಮಾರುವ ಅಲಾಯ್ ಚಕ್ರಗಳಲ್ಲಾದರೋ ಬಹುಪಾಲು ಶಂಕುವಿನ ಆಕಾರದ ಪೀಠ, ಶಂಕುವಿನ ಒಟ್ಟು ಕೋನ 60 ಡಿಗ್ರಿ. ಕಾರಿನ ಹಳೆಯ ನಟ್ಟುಗಳು ಹೊಸ ಚಕ್ರದ ರಂಧ್ರದಲ್ಲಿ ಸಲೀಸಾಗಿ ಇಳಿಯುತ್ತವೆ, ಥ್ರೆಡ್ಡೂ ಒಂದೇ, ಬಿಗಿಯೂ ಆಗುತ್ತದೆ. ಟಾರ್ಕು ಸ್ಪ್ಯಾನರು 108ಕ್ಕೆ ಸರಿಯಾಗಿ ಟಿಕ್ ಎನ್ನುತ್ತದೆ. ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ಆದರೆ ಚೆಂಡನ್ನು ಆಲಿಕೆಯಲ್ಲಿಟ್ಟರೆ ಎಲ್ಲಿ ಮುಟ್ಟುತ್ತದೆ? ಒಂದು ತೆಳುವಾದ ಬಳೆಯಂತಹ ಗೆರೆಯಲ್ಲಿ ಮಾತ್ರ. ಅಗಲವಾದ ಪೀಠದ ಮೇಲೆ ಹರಡಬೇಕಾದ ಮೂರೂಮುಕ್ಕಾಲು ಟನ್ನು ಆ ಗೆರೆಯ ಮೇಲೆ ಬಿದ್ದಾಗ, ಉಕ್ಕಿಗಿಂತ ಮೆದುವಾದ ಅಲ್ಯೂಮಿನಿಯಮ್ ಮಿಶ್ರಲೋಹ ತಗ್ಗುಬೀಳುತ್ತದೆ. ತಗ್ಗುಬಿದ್ದಷ್ಟೂ ಸೆಳೆತ ಹೋಯಿತು. ಪೀಠ ಬೇರೆಯಾದರೆ ನಟ್ಟೂ ಬೇರೆಯಾಗಲೇಬೇಕು. ಇದಕ್ಕೆ ವಿನಾಯಿತಿ ಕೊಡುವ ಅಂಗಡಿಗೆ ಕಾರು ಕೊಡದಿರುವುದೇ ಒಳಿತೆಂದು ನನ್ನ ಅಭಿಪ್ರಾಯ.

ಈ ತೊಡಕು ಹೋಂಡಾ ಒಂದಕ್ಕೇ ಅಲ್ಲ. ಟೊಯೋಟಾದ ಅನೇಕ ಅಲಾಯ್ ಚಕ್ರಗಳಲ್ಲಿ ಪೀಠ ಚಪ್ಪಟೆ, ನಟ್ಟಿಗೆ ವಾಷರು ಅಂಟಿಕೊಂಡೇ ಬರುತ್ತದೆ. ಜರ್ಮನಿಯ ಕಾರುಗಳಲ್ಲಿ ಸ್ಟಡ್ಡೇ ಇರುವುದಿಲ್ಲ. ಬೋಲ್ಟನ್ನು ನೇರವಾಗಿ ಹಬ್ಬಿನೊಳಕ್ಕೆ ತಿರುಗಿಸುತ್ತಾರೆ. ಅವುಗಳಲ್ಲಿಯೂ ಫೋಕ್ಸ್‌ವಾಗನ್ನಿನ ಬೋಲ್ಟಿನ ಗೋಳದ ತ್ರಿಜ್ಯ 13 ಮಿಲಿಮೀಟರು, ಪೋರ್ಷೆಯದು 14. ಥ್ರೆಡ್ಡು ಎರಡಕ್ಕೂ ಒಂದೇ ಆಗಿರುವುದರಿಂದ ಒಂದರ ಬೋಲ್ಟು ಇನ್ನೊಂದಕ್ಕೆ ಹೋಗಿ ಕೂತುಕೊಳ್ಳುತ್ತದೆ, ಕೂರಬಾರದ ರೀತಿಯಲ್ಲಿ.

ಶಂಕುವಿನ ಪೀಠವನ್ನು ಇಷ್ಟು ಮಂದಿ ತಯಾರಕರು ಮೆಚ್ಚಿಕೊಳ್ಳಲು ಕಾರಣವಿದೆ. ಕೊಡಲಿಯ ಬಾಯಿ ಮರವನ್ನು ಸೀಳುವುದು ಹೇಗೆ? ಮೇಲಿನಿಂದ ಬಿದ್ದ ಪೆಟ್ಟು ಬೆಣೆಯ ಎರಡು ಪಕ್ಕಗಳಲ್ಲಿ ಅನೇಕ ಪಟ್ಟು ದೊಡ್ಡದಾಗಿ ಹೊರಕ್ಕೆ ಒತ್ತುತ್ತದೆ. ಶಂಕುವೂ ಒಂದು ಬೆಣೆ. ಅದರ ಅರ್ಧಕೋನ 30 ಡಿಗ್ರಿ, 30 ಡಿಗ್ರಿಯ ಸೈನು ಅರ್ಧ. ಆದುದರಿಂದ ನಟ್ಟು ಪೀಠವನ್ನು ಒತ್ತುವ ಬಲ ಸ್ಟಡ್ಡಿನ ಸೆಳೆತದ ಎರಡರಷ್ಟಾಗುತ್ತದೆ, ಘರ್ಷಣೆಯೂ ಎರಡರಷ್ಟು. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದಕ್ಕೆ ಇದು ದೊಡ್ಡ ಸಹಾಯ. ಜೊತೆಗೆ ಚಕ್ರವನ್ನು ಸ್ಟಡ್ಡಿನ ನಡುವಿಗೆ ತಂದು ಕೂರಿಸುವ ಗುಣವೂ ಅದಕ್ಕುಂಟು. ಆದರೆ ಟಾರ್ಕಿನ ಹೆಚ್ಚು ಪಾಲನ್ನು ನುಂಗುವುದೂ ಇದೇ. ಇದೇ ಅಳತೆಯ ಚಪ್ಪಟೆ ಪೀಠವಿದ್ದರೆ 108 ನ್ಯೂಟನ್-ಮೀಟರಿಗೆ ಸೆಳೆತ 37,000ದ ಬದಲು ಸುಮಾರು 55,000 ಆಗುತ್ತದೆಂದು ಲೆಕ್ಕ ಹೇಳುತ್ತದೆ. ಆದುದರಿಂದ ಕಾರಿನ ಕೈಪಿಡಿಯ ಅಂಕಿಯ ಜೊತೆಗೆ ಚಕ್ರ ತಯಾರಕರು ತಮ್ಮ ಅಂಕಿಯನ್ನೂ ಕೊಟ್ಟಿದ್ದರೆ ಅದನ್ನು ಓದಿ ನೋಡುವುದು ಅವಶ್ಯ.

ಘರ್ಷಣೆಯೇ ಟಾರ್ಕಿನ ನೂರಕ್ಕೆ ತೊಂಬತ್ತೆರಡನ್ನು ತಿನ್ನುವುದಾದರೆ, ಒಂದಿಷ್ಟು ಎಣ್ಣೆ ಹಚ್ಚಿ ಅದನ್ನು ಉಳಿಸಬಾರದೆ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಿಯಾನು. ಉಳಿಸಬಹುದು, ಅಪಾಯವಿರುವುದೇ ಅಲ್ಲಿ. ಎಣ್ಣೆಯಿಂದ ಘರ್ಷಣಾಂಕವು 0.12ರಿಂದ 0.08ಕ್ಕೆ ಇಳಿಯಿತೆನ್ನೋಣ. ಸ್ಪ್ಯಾನರು ಅದೇ 108ರಲ್ಲಿ ಟಿಕ್ ಎನ್ನುತ್ತದೆ, ಆದರೆ ಸ್ಟಡ್ಡಿನ ಸೆಳೆತ 53,000 ನ್ಯೂಟನ್ನಿಗೆ ಏರಿರುತ್ತದೆ. ಟಾರ್ಕು ಸ್ಪ್ಯಾನರು ಅಳೆಯುವುದು ನಮ್ಮ ಶ್ರಮವನ್ನೇ ಹೊರತು ಸ್ಟಡ್ಡಿನ ಸೆಳೆತವನ್ನಲ್ಲ ಎಂಬುದನ್ನು ಮರೆಯಬಾರದು. ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಒಣಗಿದ ಥ್ರೆಡ್ಡಿಗೆ ಹೇಳಿದವು. ಎಣ್ಣೆ ಹಚ್ಚಬೇಕೆಂದು ಕೈಪಿಡಿಯೇ ಹೇಳಿರದಿದ್ದರೆ ಹಚ್ಚಬಾರದು.

ಇದಕ್ಕಿಂತಲೂ ಕೆಟ್ಟ ಅಭ್ಯಾಸವೊಂದು ನಮ್ಮ ಹೆದ್ದಾರಿಗಳ ಪಂಕ್ಚರ್ ಅಂಗಡಿಗಳಲ್ಲಿ ಕಾಣಸಿಗುತ್ತದೆ. ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ, ಅದರ ಹಿಡಿಯ ಮೇಲೆ ನಿಂತು ಒಮ್ಮೆ ಕುಪ್ಪಳಿಸಿದರೆ ಕೆಲಸ ಮುಗಿಯಿತು. ಅರುವತ್ತು ಕಿಲೋಗ್ರಾಮಿನ ಮನುಷ್ಯನು ನಲವತ್ತು ಸೆಂಟಿಮೀಟರಿನ ಹಿಡಿಯ ತುದಿಯಲ್ಲಿ ಕುಪ್ಪಳಿಸದೆ ಸುಮ್ಮನೆ ನಿಂತರೂ 235 ನ್ಯೂಟನ್-ಮೀಟರು ಆಗುತ್ತದೆ. ಸೆಳೆತ 80,000 ನ್ಯೂಟನ್ ದಾಟುತ್ತದೆ. ಒಳ್ಳೆಯ ಗಟ್ಟಿ ಉಕ್ಕಿನ 12 ಮಿಲಿಮೀಟರು ಸ್ಟಡ್ಡು ಸುಮಾರು 73,000 ನ್ಯೂಟನ್ ವರೆಗೆ ಎಳೆದರೆ ಬಿಟ್ಟಾಗ ತನ್ನ ಹಿಂದಿನ ಉದ್ದಕ್ಕೆ ಮರಳುತ್ತದೆ. ಅದಕ್ಕೆ ಮೇಲೆ ಎಳೆದರೆ ಮರಳುವುದೆಂಬ ಭರವಸೆಯಿಲ್ಲ. ಒಮ್ಮೆ ಹೀಗೆ ಸ್ಥಿತಿಸ್ಥಾಪಕತೆಯ ಮೇರೆ ಮೀರಿದ ಸ್ಟಡ್ಡು ನೋಡುವುದಕ್ಕೆ ಹಿಂದಿನಂತೆಯೇ ಇರುತ್ತದೆ. ಮುಂದೆಂದಾದರೂ ಸರಿಯಾದ ಟಾರ್ಕಿಗೆ ಬಿಗಿಮಾಡುವಾಗಲೇ ಅದು ಕೈಗೆ ಬರಬಹುದು. ಗಾಳಿಯ ಒತ್ತಡದಿಂದ ಓಡುವ ಯಂತ್ರದ ಸ್ಪ್ಯಾನರಿನದೂ ಇದೇ ಕಥೆ. ಬಿಚ್ಚುವುದಕ್ಕೆ ಅದು ಒಳ್ಳೆಯ ಸಾಧನ, ಕೊನೆಯ ಬಿಗಿಗೆ ಅಲ್ಲ.

ನಟ್ಟನ್ನು ಆರಿಸುವಾಗ ಗಮನಿಸಬೇಕಾದ ಇನ್ನು ಕೆಲವು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜಪಾನಿನ ಕಾರುಗಳಲ್ಲಿಯೇ ಹೋಂಡಾ, ಟೊಯೋಟಾ, ಮಾಜ್ದಾಗಳ 12 ಮಿಲಿಮೀಟರು ಸ್ಟಡ್ಡಿನ ಥ್ರೆಡ್ಡಿಗೆ ಅಂತರ 1.5 ಮಿಲಿಮೀಟರಾದರೆ ಸುಬಾರುವಿನಲ್ಲಿ 1.25. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಸ್ಪ್ಯಾನರಿನಿಂದ ಒತ್ತಾಯಿಸಿದರೆ ಎರಡರ ಥ್ರೆಡ್ಡೂ ಹಾಳು. ಅಮೆರಿಕದ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ 2014ರವರೆಗೆ ಅರ್ಧ ಅಂಗುಲದ ಸ್ಟಡ್ಡಿತ್ತು. 2015ರ ಮಾದರಿಯಿಂದ 14 ಮಿಲಿಮೀಟರಿನದಾಯಿತು, ಟಾರ್ಕೂ 204 ನ್ಯೂಟನ್-ಮೀಟರಿಗೆ ಏರಿತು. ಒಂದೇ ಹೆಸರಿನ ಕಾರೆಂದು ಹಳೆಯ ನಟ್ಟನ್ನೂ ಹಳೆಯ ಅಂಕಿಯನ್ನೂ ನಂಬುವಂತಿಲ್ಲ. ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ಬೆರಳಿಗೆ ತಿರುಗದ ನಟ್ಟು ಆ ಸ್ಟಡ್ಡಿನದಲ್ಲ.

ಥ್ರೆಡ್ಡು ಎಷ್ಟು ಉದ್ದ ಹಿಡಿದಿದೆ ಎಂಬುದೂ ಮುಖ್ಯ. ಸ್ಟಡ್ಡಿನ ವ್ಯಾಸದಷ್ಟಾದರೂ ಹಿಡಿದಿರಬೇಕೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 12 ಮಿಲಿಮೀಟರನ್ನು 1.5ರಿಂದ ಭಾಗಿಸಿದರೆ ಎಂಟು ಸುತ್ತು. ನಟ್ಟು ಪೀಠವನ್ನು ಮುಟ್ಟಿದಾಗಿನಿಂದ ಬಿಚ್ಚುತ್ತ ಎಣಿಸಿ ನೋಡಬಹುದು. ಅಲಾಯ್ ಚಕ್ರದ ನಡುಭಾಗ ಕಂಪನಿಯ ಚಕ್ರಕ್ಕಿಂತ ದಪ್ಪವಾಗಿದ್ದರೆ, ಅಥವಾ ಚಕ್ರವನ್ನು ಹೊರಕ್ಕೆ ತರಲು ನಡುವೆ ಬಿಲ್ಲೆ ಸೇರಿಸಿದ್ದರೆ, ಸುತ್ತುಗಳು ಕಡಮೆಯಾಗುತ್ತವೆ. ಉದ್ದನೆಯ ಸ್ಟಡ್ಡು ಹಾಕಿಸದೆ ಬೇರೆ ದಾರಿಯಿಲ್ಲ. ಹೀಗೆ ಉದ್ದ ಸ್ಟಡ್ಡು ಹಾಕಿಸಿದವರಿಗೆ ಇನ್ನೊಂದು ಬಲೆ ಕಾದಿದೆ. ಅಂದಕ್ಕಾಗಿ ಮಾಡಿದ ಟೋಪಿ ನಟ್ಟುಗಳ ತಲೆ ಮುಚ್ಚಿರುತ್ತದೆ. ಸ್ಟಡ್ಡಿನ ತುದಿ ಒಳಗಿನಿಂದ ಆ ತಲೆಗೆ ಬಡಿದು ನಿಂತರೆ ನಟ್ಟು ಮುಂದೆ ಹೋಗದು. ಟಾರ್ಕು ಸ್ಪ್ಯಾನರು ಟಿಕ್ ಎನ್ನುತ್ತದೆ, ಚಕ್ರವಾದರೋ ಸಡಿಲವಾಗಿಯೇ ಇರುತ್ತದೆ! ಓಟದ ಕಾರುಗಳಲ್ಲಿ ಎರಡೂ ಕಡೆ ತೆರೆದ ನಟ್ಟುಗಳನ್ನು ಬಳಸುವುದು ಇದಕ್ಕೇ. ಸ್ಟಡ್ಡಿನ ತುದಿ ಹೊರಗೆ ಇಣುಕುವುದನ್ನು ಕಣ್ಣಾರೆ ಕಾಣಬಹುದು.

ಬಣ್ಣಬಣ್ಣದ ಅಲ್ಯೂಮಿನಿಯಮ್ ನಟ್ಟುಗಳು ಕಣ್ಣಿಗೆ ಚೆಂದ, ತೂಕವೂ ಹಗುರ. ಉಕ್ಕಿನ ಸ್ಟಡ್ಡಿನ ಮೇಲೆ ಮತ್ತೆ ಮತ್ತೆ ತಿರುಗಿಸಿದಾಗ ಅವುಗಳ ಥ್ರೆಡ್ಡು ಬೇಗ ಸವೆಯುತ್ತದೆ. ದಿನನಿತ್ಯದ ಕಾರಿಗೆ ಉಕ್ಕಿನ ನಟ್ಟೇ ಸರಿ. ಇನ್ನು ಅಲಾಯ್ ಚಕ್ರದ ರಂಧ್ರಗಳು ಕಿರಿದಾಗಿರುವುದರಿಂದ ಎಷ್ಟೋ ನಟ್ಟುಗಳಿಗೆ ಆರು ಮೂಲೆಯ ಬದಲು ಹಲ್ಲುಹಲ್ಲಾದ ಮೈಯಿರುತ್ತದೆ. ತಿರುಗಿಸಲು ಒಂದು ವಿಶೇಷ ಕೀಲಿ ಬೇಕು. ಆ ಕೀಲಿಯನ್ನು ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟು ಕಾರಿನಲ್ಲಿ ದೂರದ ಪ್ರಯಾಣ ಹೊರಟವರ ಪಾಡು ಊಹಿಸಬಹುದು.

ಚಕ್ರದ ನಡುರಂಧ್ರದ ವಿಚಾರದಲ್ಲಿ ಹವ್ಯಾಸಿಗಳ ನಡುವೆ ಮುಗಿಯದ ಚರ್ಚೆಯಿದೆ. ಎಸ್ 2000ದ ಹಬ್ಬಿನ ನಡುವಿನ ಉಬ್ಬು 64.1 ಮಿಲಿಮೀಟರು. ಬದಲಿ ಚಕ್ರಗಳನ್ನು ಹಲವು ಕಾರುಗಳಿಗೆ ಹೊಂದಲೆಂದು 73.1 ಮಿಲಿಮೀಟರಿನಷ್ಟು ದೊಡ್ಡ ರಂಧ್ರವಿಟ್ಟು ಮಾಡುವುದುಂಟು. ನಡುವಿನ ಖಾಲಿಯನ್ನು ಪ್ಲಾಸ್ಟಿಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಬಳೆಯಿಂದ ತುಂಬುತ್ತಾರೆ. ಕಾರಿನ ಭಾರವನ್ನು ಪ್ಲಾಸ್ಟಿಕ್ ಬಳೆ ಹೊರುವುದೆಂತು ಎಂಬ ಭಯ ಅನಾವಶ್ಯಕ. ಭಾರ ಹೊರುವುದು ಘರ್ಷಣೆಯೆಂದು ಆಗಲೇ ಕಂಡಿದ್ದೇವೆ. ಬಳೆಯ ಕೆಲಸ, ನಟ್ಟು ಬಿಗಿಯಾಗುವ ತನಕ ಚಕ್ರವನ್ನು ಸರಿಯಾಗಿ ನಡುವಿನಲ್ಲಿ ಹಿಡಿದಿರುವುದು. ಅದಿಲ್ಲದಿದ್ದರೆ ಚಕ್ರವು ಅರೆ ಮಿಲಿಮೀಟರು ಓರೆಯಾಗಿ ಕೂತು, ವೇಗ ಹೆಚ್ಚಿದಾಗ ಸ್ಟೀರಿಂಗು ನಡುಗಬಹುದು.

ಬಿಗಿಮಾಡುವ ಕ್ರಮವೂ ಇದೇ ಉದ್ದೇಶದ್ದು. ಒಂದರ ಪಕ್ಕದ ಒಂದನ್ನು ವರ್ತುಲವಾಗಿ ಬಿಗಿಮಾಡುತ್ತ ಹೋದರೆ ಚಕ್ರದ ಒಂದು ಅಂಚು ಮೊದಲೇ ಕಚ್ಚಿಕೊಂಡು ಎದುರಿನ ಅಂಚು ಎದ್ದಿರುತ್ತದೆ. ಮಕ್ಕಳು ಕೈಯೆತ್ತದೆ ಐದು ಮೂಲೆಯ ನಕ್ಷತ್ರ ಬರೆಯುವಂತೆ ಒಂದನ್ನು ಬಿಟ್ಟು ಒಂದಕ್ಕೆ ಹೋಗಬೇಕು. ಚಕ್ರ ಇನ್ನೂ ಗಾಳಿಯಲ್ಲಿರುವಾಗ ಎಲ್ಲವನ್ನೂ ಬೆರಳಿನಿಂದ, ಅನಂತರ ಸಣ್ಣ ಸ್ಪ್ಯಾನರಿನಿಂದ ಹಗುರವಾಗಿ ಕೂರಿಸಬೇಕು. ಟೈರು ತಿರುಗದಷ್ಟು ನೆಲ ಮುಟ್ಟಿದ ಮೇಲೆ ಅರ್ಧ ಟಾರ್ಕಿಗೆ ಒಂದು ಸುತ್ತು, ಪೂರ್ತಿ ಟಾರ್ಕಿಗೆ ಇನ್ನೊಂದು ಸುತ್ತು. ಸ್ಪ್ಯಾನರು ಒಮ್ಮೆ ಟಿಕ್ ಎಂದರೆ ಸಾಕು. ಇನ್ನೊಂದು ಸಲ, ಮತ್ತೊಂದು ಸಲ ಎಂದು ಎಳೆಯುವವರು ಪ್ರತಿ ಎಳೆತಕ್ಕೂ ಅಂಕಿಯನ್ನು ಮೀರಿ ಹೋಗುತ್ತಿರುತ್ತಾರೆ.

ಬಿಸಿಯಾದ ಚಕ್ರಕ್ಕೆ ಈ ಕೆಲಸ ಮಾಡಬಾರದು. ಓಟದ ದಾರಿಯಲ್ಲಿ ಕಾರು ಓಡಿಸಿ ಬಂದವರು ಆತುರದಿಂದ ನಟ್ಟುಗಳನ್ನು ಮತ್ತಷ್ಟು ಬಿಗಿಮಾಡುವುದುಂಟು. ಬ್ರೇಕಿನ ಶಾಖದಿಂದ ಅಲ್ಯೂಮಿನಿಯಮ್ ಉಕ್ಕಿನ ಹೆಚ್ಚುಕಡಮೆ ಎರಡರಷ್ಟು ಹಿಗ್ಗಿರುತ್ತದೆ. ನಟ್ಟಿನ ಕೆಳಗಿರುವ ಚಕ್ರದ ದಪ್ಪ ಎರಡು ಸೆಂಟಿಮೀಟರಿದ್ದು ತಾಪ ನೂರು ಡಿಗ್ರಿ ಏರಿದ್ದರೆ, ಎರಡು ಲೋಹಗಳ ಹಿಗ್ಗಿನ ವ್ಯತ್ಯಾಸ 0.02 ಮಿಲಿಮೀಟರಿಗೆ ಮೀರುತ್ತದೆ. ಸ್ಟಡ್ಡಿನ ಒಟ್ಟು ಹಿಗ್ಗು 0.08 ಎಂಬುದನ್ನು ನೆನಪಿಡಿ. ಬಿಸಿಯಲ್ಲಿ 108ಕ್ಕೆ ಬಿಗಿಮಾಡಿದ ಚಕ್ರ ತಣ್ಣಗಾದಾಗ ಕಾಲುಭಾಗದಷ್ಟು ಸೆಳೆತ ಕಳೆದುಕೊಂಡಿರುತ್ತದೆ.

ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ 1970ರ ಸುಮಾರಿನವರೆಗೂ ಎಡಗಡೆಯ ಚಕ್ರಗಳಿಗೆ ಎಡಕ್ಕೆ ತಿರುಗಿಸಿ ಬಿಗಿಮಾಡುವ ಥ್ರೆಡ್ಡಿರುತ್ತಿತ್ತು. ಚಕ್ರ ಮುಂದಕ್ಕೆ ಉರುಳುವ ದಿಕ್ಕಿನಿಂದಾಗಿ ನಟ್ಟು ಬಿಚ್ಚಿಕೊಳ್ಳಬಾರದೆಂಬ ಎಚ್ಚರ ಅದು. ಇದನ್ನು ತಿಳಿಯದ ಗರಾಜಿನವರು ಬಿಚ್ಚುತ್ತಿದ್ದೇವೆಂದು ಬಿಗಿಮಾಡುತ್ತಲೇ ಹೋಗಿ ಸ್ಟಡ್ಡುಗಳನ್ನು ಮುರಿಯುತ್ತಿದ್ದುದುಂಟು. ಶಂಕುವಿನ ಪೀಠವೂ ಸರಿಯಾದ ಸೆಳೆತವೂ ಇದ್ದಲ್ಲಿ ಆ ಎಚ್ಚರ ಬೇಕಾಗಿಲ್ಲವೆಂದು ಕಂಪನಿ ಅದನ್ನು ಕೈಬಿಟ್ಟಿತು. ನಡುವೆ ಒಂದೇ ನಟ್ಟಿರುವ ಪದ್ಧತಿಯು ಈಗ ಕೆಲವು ಬೀದಿಯ ಕಾರುಗಳಿಗೂ ಬಂದಿದೆ. 2013ರಲ್ಲಿ ಹೊರಬಂದ ಪೋರ್ಷೆ 911 ಜಿಟಿ3 ಕಾರಿನಲ್ಲಿ ಆ ಒಂಟಿ ನಟ್ಟಿಗೆ ಹೇಳಿರುವ ಟಾರ್ಕು 600 ನ್ಯೂಟನ್-ಮೀಟರು. ಒಂದು ಮೀಟರು ಉದ್ದದ ಸ್ಪ್ಯಾನರನ್ನು ಹಿಡಿದು ಅದರ ತುದಿಯಲ್ಲಿ ಪೂರ್ತಿ ಮೈಭಾರ ಹಾಕಬೇಕು. ಆಗ ಇನ್ನೊಬ್ಬರು ಕಾರಿನೊಳಗೆ ಕುಳಿತು ಬ್ರೇಕು ಒತ್ತಿಕೊಂಡಿರಬೇಕಾಗುತ್ತದೆ.